ಪದ ಪರಿಚಯ: ವಯೊಲಿನ್ ಕನ್ಚೆರ್ಟೊ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಒಂದು ವಾದ್ಯವನ್ನು ಮುಂದಿಟ್ಟು, ಇಡೀ ವಾದ್ಯವೃಂದವನ್ನು ಅದರ ಎದುರಿಗೆ ನಿಲ್ಲಿಸಿ ರಚಿಸಿದ ಕೃತಿಯನ್ನು ಕನ್ಚೆರ್ಟೊ ಎನ್ನುತ್ತಾರೆ. ಇಟಲಿಯ ನುಡಿಯಲ್ಲಿ ಈ ಪದದ ಧಾತುವಿಗೆ ಹೊಂದಿಸಿಕೊಳ್ಳುವುದು ಎಂಬ ಅರ್ಥವಿದ್ದರೆ, ಲ್ಯಾಟಿನ್ನಿನಲ್ಲಿ ಅದೇ ರೂಪದ ಕ್ರಿಯಾಪದಕ್ಕೆ ಸೆಣಸುವುದು ಎಂಬ ಅರ್ಥವಿದೆ. ಕೇಳುಗನು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ; ಒಳ್ಳೆಯ ಕನ್ಚೆರ್ಟೊದಲ್ಲಿ ಎರಡೂ ಕೇಳಿಸುತ್ತವೆ.

ವೇಗ, ವಿಳಂಬ, ಮತ್ತೆ ವೇಗ ಎಂಬ ಮೂರು ಭಾಗಗಳ ಕ್ರಮವು ನೆಲೆಗೊಳ್ಳುವುದರಲ್ಲಿ ಇಟಲಿಯ ಸಂಯೋಜಕ ವಿವಾಲ್ಡಿಯ ಪಾತ್ರ ದೊಡ್ಡದು. ವಯೊಲಿನ್ನಿಗೆಂದೇ ಆತ ಇನ್ನೂರಕ್ಕೂ ಹೆಚ್ಚು ಕನ್ಚೆರ್ಟೊಗಳನ್ನು ಬರೆದ. ಆದರೆ ಈ ಪ್ರಕಾರದ ಸೊಗಸನ್ನು ಅರಿಯಲು ಎರಡು ಕೃತಿಗಳನ್ನು ಒಟ್ಟಿಗೆ ಕೇಳಿದರೆ ಸಾಕು. ಬೀಥೋವನ್ನನ ಡಿ ಮೇಜರ್ ಸ್ವರಶ್ರೇಣಿಯ ಕನ್ಚೆರ್ಟೊ (1806) ಟಿಂಪನಿ ಎಂಬ ನಗಾರಿಯ ಮೆಲುಪೆಟ್ಟುಗಳಿಂದ ಆರಂಭವಾಗುತ್ತದೆ. ವಾದ್ಯವೃಂದವು ಸುಮಾರು ಮೂರು ನಿಮಿಷ ವಿಷಯವನ್ನೆಲ್ಲ ಹೇಳಿಕೊಳ್ಳುವವರೆಗೆ ಮುಖ್ಯ ವಾದಕನು ಪಿಟೀಲು ಹಿಡಿದು ಸುಮ್ಮನೆ ನಿಂತಿರಬೇಕು. ಬಹುಕಾಲ ಮೂಲೆಗುಂಪಾಗಿದ್ದ ಈ ಕೃತಿಗೆ 1844ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ವರ್ಷದ ಪಿಟೀಲುವಾದಕ ಹುಡುಗ ಯೋಆಖಿಮ್ ಮರುಜೀವ ಕೊಟ್ಟಾಗ ವೃಂದವನ್ನು ನಿರ್ದೇಶಿಸುತ್ತಿದ್ದವನು ಸಂಯೋಜಕ ಮೆಂಡೆಲ್ಸನ್. ಮರುವರ್ಷ ಲೈಪ್‌ಜಿಗ್‌ನಲ್ಲಿ ಫರ್ಡಿನಾಂಡ್ ಡಾವಿಡ್ ಮೊದಲ ಬಾರಿಗೆ ನುಡಿಸಿದ ಮೆಂಡೆಲ್ಸನ್ನನ ಇ ಮೈನರ್ ಕನ್ಚೆರ್ಟೊದಲ್ಲಿ ಆ ಕಾಯುವಿಕೆಯೇ ಇಲ್ಲ. ತಾಳದ ಎರಡನೆಯ ಸುತ್ತು (ಬಾರ್) ಮುಗಿಯುವ ಮೊದಲೇ ವಯೊಲಿನ್ ಹಾಡತೊಡಗುತ್ತದೆ.

ವೃಂದವು ಮೌನವಾಗಿ, ವಾದಕನೊಬ್ಬನೇ ನುಡಿಸುವ ಘಟ್ಟಕ್ಕೆ ಕಡೆನ್ಜಾ ಎಂದು ಹೆಸರು. ನಮ್ಮ ತನಿ ಆವರ್ತನ ನೆನಪಾಗುವುದು ಸಹಜ. ಆದರೆ ಅಲ್ಲಿರುವಂತೆ ತಾಳದ ಲೆಕ್ಕ ಇಲ್ಲಿಲ್ಲ. ಬೀಥೋವನ್ ಇದನ್ನು ವಾದಕನ ಕಲ್ಪನೆಗೆ ಬಿಟ್ಟಿದ್ದರಿಂದ, ಇಂದಿಗೂ ಹಲವರು ಪಿಟೀಲುವಾದಕ ಕ್ರೈಸ್ಲರ್ ಬರೆದ ಕಡೆನ್ಜಾವನ್ನೇ ನುಡಿಸುತ್ತಾರೆ. ಮೆಂಡೆಲ್ಸನ್ ಮಾತ್ರ ಅದನ್ನು ಸ್ವರಸ್ವರವಾಗಿ ತಾನೇ ಬರೆದುದಲ್ಲದೆ, ಮೊದಲ ಭಾಗದ ಕೊನೆಯಲ್ಲಿರಬೇಕಾದುದನ್ನು ನಡುವಿಗೆ ತಂದಿಟ್ಟ. ನನ್ನ ಮಟ್ಟಿಗೆ ಇಡೀ ಕೃತಿಯ ಜೀವ ಇರುವುದು ಅಲ್ಲಿಯೇ. ಕಡೆನ್ಜಾದ ತುದಿಯಲ್ಲಿ ಬಿಲ್ಲು ನಾಲ್ಕು ತಂತಿಗಳ ಮೇಲೆ ಪುಟಿಯುತ್ತ ಹತ್ತಿಳಿಯುತ್ತಿರುವಾಗಲೇ ವೃಂದವು ಮೆಲ್ಲಗೆ ಆರಂಭದ ರಾಗವನ್ನು ಎತ್ತಿಕೊಳ್ಳುತ್ತದೆ. ಪಿಟೀಲು ತನ್ನ ಪುಟಿತವನ್ನು ನಿಲ್ಲಿಸುವುದಿಲ್ಲ, ಅಷ್ಟು ಹೊತ್ತು ಒಂಟಿಯಾಗಿ ಮೆರೆದದ್ದು ಅದೇ ಸ್ವರಗಳಲ್ಲಿ ವೃಂದಕ್ಕೆ ಪಕ್ಕವಾದ್ಯವಾಗಿಬಿಡುತ್ತದೆ.