ತೋಟ ಮಾರುವ ಮೊದಲು

ಕಾಸರಗೋಡಿನ ನನ್ನ ಆಫೀಸಿಗೆ ತೋಟದ ಕಾಗದಪತ್ರ ಹಿಡಿದುಕೊಂಡು ಬರುವವರು ಹೆಚ್ಚಾಗಿ ಒಂದೇ ಮಾತಿನಿಂದ ಶುರು ಮಾಡುತ್ತಾರೆ: "ಮಕ್ಕಳದು ಒತ್ತಾಯ ವಕೀಲರೇ, ಮಂಗಳೂರಿಗೆ ಬನ್ನಿ ಅಂತ." ಅರ್ಧ ಗಂಟೆ ಕೂತು ಕೇಳಿದರೆ ಬೇರೆ ಕಾರಣ ಹೊರಗೆ ಬರುತ್ತದೆ.

ಪೆರ್ಲ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಯಜಮಾನರು ಅಡಿಕೆ ರೇಟು, ಕೊಳೆರೋಗ, ಮರ ಹತ್ತಲು ಜನ ಸಿಗದ ಕಷ್ಟ ಎಲ್ಲ ಹೇಳಿದರು. ಅಮ್ಮ ಕೊನೆಗೆ ಬಾಯಿ ಬಿಟ್ಟರು: "ಆ ರಾತ್ರಿ ಇವರಿಗೆ ಉಸಿರು ಕಟ್ಟಿದಾಗ ಜೀಪು ಬರಲಿಕ್ಕೇ ಒಂದೂವರೆ ಗಂಟೆ ಆಯ್ತು. ಇನ್ನು ನನಗೆ ಧೈರ್ಯ ಇಲ್ಲ."

ಊರು ಬಿಡುವ ತೀರ್ಮಾನ ಇಂಥ ಒಂದು ರಾತ್ರಿ ಆಗಿಬಿಡುತ್ತದೆ. ರೇಟಿನ ಲೆಕ್ಕ ಆಮೇಲೆ ಬಂದು ಸೇರುತ್ತದೆ. ದೊಡ್ಡ ಕಾಯಿಲೆ ಅಂದರೆ ನಮಗೆ ಮಂಗಳೂರೇ ಗತಿ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ, ಕೇರಳ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ತಡೆದಿದ್ದು ಇಲ್ಲಿ ಯಾರೂ ಮರೆತಿಲ್ಲ.

ಮಕ್ಕಳ ಕಾಲೇಜಿಗೋಸ್ಕರ ಮನೆ ಬದಲಿಸುವವರೂ ಇದ್ದಾರೆ. ಅವರಿಗೆ ಒಂದು ವಿಷಯ ಹೇಳುತ್ತೇನೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ, ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಬರೀ ಸೀಟಿಗಾಗಿ ಊರು ಬಿಡುವ ಮೊದಲು ಇದನ್ನು ವಿಚಾರಿಸಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಮಾರುವ ಅವಸರ ನೋಡಿದಾಗ. ಹೋಗುವುದು ಬೇರೆ, ಮಾರುವುದು ಬೇರೆ, ಅಲ್ವಾ? "ಹಾಗಾದರೆ ಗೇಣಿಗೆ ಕೊಡ್ತೇವೆ" ಅನ್ನುತ್ತಾರೆ. ಅದು ಆಗುವುದಿಲ್ಲ. ಕೇರಳದ ಭೂಸುಧಾರಣೆ ಕಾನೂನಿನ 74ನೇ ಕಲಂ ಹೊಸ ಗೇಣಿಯನ್ನೇ ನಿಷೇಧಿಸಿದೆ. ಇಲ್ಲಿನ ತೋಟ ಒಂದೋ ಸ್ವಂತ ಕೈಯಲ್ಲಿ ಇರಬೇಕು, ಇಲ್ಲ ಮಾರಬೇಕು ಅನ್ನುವ ಭಾವನೆ ಬೆಳೆದದ್ದೇ ಇದರಿಂದ. ಆದರೆ ನೆಲ ನಿಮ್ಮ ವಶದಲ್ಲೇ ಇಟ್ಟುಕೊಂಡು ಆ ವರ್ಷದ ಫಸಲು ಮಾತ್ರ ಮಾರಬಹುದು. ಕರಾರಿನಲ್ಲಿ ಒಂದೊಂದು ಪದವೂ ಮುಖ್ಯ, ಬಾಯಿಮಾತಿನಲ್ಲಿ ಬಿಡಬೇಡಿ. ಮಾರಿದ ಮೇಲೆ ಮನಸ್ಸು ಬದಲಾದರೆ, ಮತ್ತೆ ಜಾಗ ಕೊಳ್ಳಲು ಸ್ಟಾಂಪಿಗೆ 8%, ನೋಂದಣಿಗೆ 2% ನಿಮ್ಮ ಕೈಯಿಂದಲೇ ಹೋಗುತ್ತದೆ.

"ತೋಟ ಇರಲಿ, ಗುಡ್ಡೆ ಮಾತ್ರ ಕೊಡಿ" ಎಂದು ಬ್ರೋಕರ್‌ಗಳು ಹೇಳುತ್ತಾರೆ. ಗುಡ್ಡೆಯೊಳಗೆ ಸುರಂಗ, ಅಂದರೆ ನೀರಿಗಾಗಿ ಅಡ್ಡಕ್ಕೆ ಕೊರೆದ ಬಾವಿ, ಇದ್ದರೆ ತೋಟದ ಜೀವ ಅಲ್ಲೇ ಇದೆ. ಒಬ್ಬರು ಹಾಗೆ ಕೊಟ್ಟರು. ಮುಂದಿನ ಬೇಸಿಗೆಗೆ ಜೆಸಿಬಿ ಬಂತು, ಸುರಂಗದ ಬಾಯಿ ಮಣ್ಣಿನಡಿ ಹೋಯಿತು. ಮಾರುವುದೇ ಆದರೆ ನೀರಿನ ಹಕ್ಕು, ಅಲ್ಲಿಗೆ ಹೋಗುವ ದಾರಿ, ರಿಪೇರಿ ಮಾಡುವ ಹಕ್ಕು ಮೂರನ್ನೂ ಕ್ರಯಪತ್ರದಲ್ಲಿ ಬರೆಸಿ.

ಪೆರ್ಲದವರು ತಂದಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ 1956ಕ್ಕಿಂತ, ಅಂದರೆ ಕಾಸರಗೋಡು ಕೇರಳಕ್ಕೆ ಸೇರುವುದಕ್ಕಿಂತ, ಹಿಂದಿನ ಕನ್ನಡ ಪತ್ರ ಒಂದಿತ್ತು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಮೇಜಿನ ಮೇಲೆ ಜೋಡಿಸಿ ಓದಿದೆವು. ಯಜಮಾನರ ಅಜ್ಜ ಸುರಂಗದ ನೀರನ್ನು ಪಕ್ಕದ ಮನೆಯವರ ಜೊತೆ ಹಗಲು ರಾತ್ರಿ ಅಂತ ಪಾಲು ಮಾಡಿಕೊಂಡದ್ದು ಅದರಲ್ಲಿತ್ತು. ಯಜಮಾನರು ಎರಡು ಸಲ ಓದಿಸಿದರು.

ಒಂದು ವರ್ಷ ಮಂಗಳೂರಲ್ಲಿ ಬಾಡಿಗೆ ಮನೆ ಮಾಡಿ ನೋಡಿ ಅಂದೆ. ಆಸ್ಪತ್ರೆಯ ಹತ್ತಿರವೇ ಮಾಡಿದ್ದಾರೆ. ಮೊನ್ನೆ ಬಂದಾಗ ಅಮ್ಮನ ಚೀಲದಲ್ಲಿ ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಇತ್ತು, ಫಸಲಿನ ಕರಾರಿಗೆ ಬೇಕಾಗುತ್ತದೆ ಅಂತ ತಂದಿದ್ದರು.