ಇಐಎ ಓದುವ ಮೊದಲು ಷೆಡ್ಯೂಲ್ ಓದಿ: ಸಕಲೇಶಪುರದ ಉದಾಹರಣೆಗಳ ಜೊತೆ

ಪರಿಸರ ಪರಿಣಾಮ ಅಧ್ಯಯನ, ಅಂದ್ರೆ ಇಐಎ, ಓದಲು ಕೂತವರೆಲ್ಲ ಸೀದಾ ಗಾಳಿ, ನೀರು, ಮಣ್ಣಿನ ಅಧ್ಯಾಯಕ್ಕೆ ಹೋಗುತ್ತಾರೆ. ಅದನ್ನು ಆಮೇಲೆ ನೋಡಿ. ಮೊದಲು 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆ ತೆಗೆದು, ಅದರ ಕೊನೆಯಲ್ಲಿರುವ ಷೆಡ್ಯೂಲ್ ಓದಿ. ಯಾವ ಯೋಜನೆಗೆ ಅಧ್ಯಯನ ಬೇಕು, ಯಾವುದಕ್ಕೆ ಬೇಡ ಅನ್ನೋದು ಆ ಪಟ್ಟಿಯ ಅಂಕಿಗಳಲ್ಲೇ ತೀರ್ಮಾನವಾಗಿರುತ್ತದೆ.

ಹಿನ್ನೆಲೆ ಇಷ್ಟು ಸಾಕು. 1984ರಲ್ಲಿ ಭೋಪಾಲ್ ದುರಂತ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, ಆ ಕಾಯ್ದೆಯಡಿ 1994ರಲ್ಲಿ ಮೊದಲ ಇಐಎ ಅಧಿಸೂಚನೆ, ಅದರ ಜಾಗಕ್ಕೆ 2006ರದ್ದು. ದೊಡ್ಡ ಯೋಜನೆಗಳು 'ಎ' ವರ್ಗ, ದೆಹಲಿಗೆ ಹೋಗುತ್ತವೆ. 'ಬಿ' ವರ್ಗದವು ರಾಜ್ಯದ ಪ್ರಾಧಿಕಾರಕ್ಕೆ. 'ಬಿ' ವರ್ಗದೊಳಗೇ 'ಬಿ2' ಅನ್ನೋ ಉಪವರ್ಗಕ್ಕೆ ಸೇರಿದರೆ ಇಐಎ ವರದಿಯೇ ಬೇಕಿಲ್ಲ.

ಈಗ ಜಲವಿದ್ಯುತ್ ನೋಡಿ. 2006ರ ಮೂಲ ಪಟ್ಟಿಯಲ್ಲಿ 50 ಮೆಗಾವ್ಯಾಟ್ ಮತ್ತು ಮೇಲೆ ಎ ವರ್ಗ, 25ರಿಂದ 50ರೊಳಗೆ ಬಿ ವರ್ಗ ಆಗಿತ್ತು. 25ಕ್ಕಿಂತ ಕಡಿಮೆ? ಪಟ್ಟಿಯಲ್ಲೇ ಇಲ್ಲ. ಹಾಗಾಗಿ 24.75 ಮೆಗಾವ್ಯಾಟಿನ ಮಿನಿ ಹೈಡಲ್‌ಗೆ ಈ ಅಧಿಸೂಚನೆಯ ಅನುಮತಿ ಬೇಡ, ಕಾಲು ಮೆಗಾವ್ಯಾಟ್ ಜಾಸ್ತಿ ಆದರೆ ಬೇಕು. ಕೆಂಪುಹೊಳೆಯಂಥ ಒಂದೇ ಹೊಳೆಯ ಉದ್ದಕ್ಕೆ ನಾಲ್ಕು ಸಣ್ಣ ಘಟಕ ಬಂದರೂ ಪ್ರತಿಯೊಂದನ್ನೂ ಬೇರೆ ಬೇರೆ ಅಳೆಯುತ್ತಾರೆ. ಮೀನಿಗೆ ಮಾತ್ರ ನಾಲ್ಕೂ ಅಡ್ಡ ಬರುತ್ತವೆ, ಅಲ್ವಾ? ಅರಣ್ಯ ಜಾಗ ಬೇಕಾದರೆ 1980ರ ಅರಣ್ಯ ಕಾಯ್ದೆಯಡಿ ಬೇರೆ ಅನುಮತಿ ಇದೆ, ಅದು ಬೇರೆ ಕಡತ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.

ಎತ್ತಿನಹೊಳೆ ಇನ್ನೂ ಒಳ್ಳೆಯ ಉದಾಹರಣೆ. ಷೆಡ್ಯೂಲ್‌ನ ನದಿ ಕಣಿವೆ ಸಾಲಿನಲ್ಲಿ ಜಲವಿದ್ಯುತ್ ಇದೆ, ನೀರಾವರಿ ಇದೆ, ಕುಡಿಯುವ ನೀರು ಇಲ್ಲ. ಸಕಲೇಶಪುರ ತಾಲ್ಲೂಕಿನ ಹೊಳೆಗಳಿಂದ 24.01 ಟಿಎಂಸಿ ನೀರೆತ್ತುವ ಯೋಜನೆಯನ್ನು ಕುಡಿಯುವ ನೀರಿನದ್ದು ಅಂತ ಕರೆದದ್ದರಿಂದ ಪರಿಸರ ಅನುಮತಿ ಪಡೆಯುವ ಅಗತ್ಯವೇ ಬೀಳಲಿಲ್ಲ. ಕೆರೆ ತುಂಬಿಸುವುದೂ ಸೇರಿದೆಯಲ್ಲ, ಅದು ನೀರಾವರಿಯಲ್ಲವೇ ಅನ್ನುವ ವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಆದರೂ ಕೆಲಸ ನಿಲ್ಲಲಿಲ್ಲ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಯೋಜನೆ ಬೇಕೋ ಬೇಡವೋ ಅನ್ನೋ ಜಗಳ ಇಲ್ಲಿ ಬೇಡ. ಇಷ್ಟು ದೊಡ್ಡ ಕೆಲಸಕ್ಕೆ ಅಧ್ಯಯನ ಕಡ್ಡಾಯ ಆಗದೇ ಇದ್ದದ್ದು ನಿಯಮದ ಒಂದು ಸಾಲಿನಿಂದ, ಅದನ್ನು ಗಮನಿಸಿ.

ಹೆದ್ದಾರಿಗೂ ಹೀಗೇ. 2013ರ ತಿದ್ದುಪಡಿ ಪ್ರಕಾರ ಇರುವ ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣ 100 ಕಿ.ಮೀ. ದಾಟಬೇಕು, ಹೆಚ್ಚುವರಿ ಜಾಗವೂ ನಿಗದಿತ ಅಗಲ ಮೀರಬೇಕು, ಆಗ ಮಾತ್ರ ಅನುಮತಿ. ಘಾಟಿಯಲ್ಲಿ ಗುಡ್ಡ ಕಡಿದದ್ದು ಎಷ್ಟು ಕಡಿದಾಗಿತ್ತು ಅಂತ ಆ ಸಾಲು ಕೇಳುವುದಿಲ್ಲ.

ಅಧ್ಯಯನ ಬೇಕು ಅಂತಾದ ಮೇಲೂ ನಿಯಮವೇ ಮುಂದೆ. ಏನೇನು ನೋಡಬೇಕು ಅಂತ ಟಿಒಆರ್ (ಟರ್ಮ್ಸ್ ಆಫ್ ರೆಫರೆನ್ಸ್, ಅಂದ್ರೆ ಅಧ್ಯಯನದ ವ್ಯಾಪ್ತಿ ಗೊತ್ತುಮಾಡುವ ಪತ್ರ) ಹೇಳುತ್ತದೆ, ಸಲಹಾ ಸಂಸ್ಥೆಯವರು ಅಷ್ಟನ್ನೇ ನೋಡುತ್ತಾರೆ, ಸಂಬಳ ಕೊಡುವವರು ಯೋಜನೆಯವರೇ ಆಗಿರುವಾಗ ಜಾಸ್ತಿ ಯಾಕೆ ನೋಡುತ್ತಾರೆ ಹೇಳಿ. ಗಣಿ, ಕಾರ್ಖಾನೆಗಳಿಗೆ ಸಾಮಾನ್ಯವಾಗಿ ಕೇಳುವುದು ಒಂದು ಸೀಸನ್ನಿನ ಮಾಹಿತಿ, ಅದೂ ಮಳೆಗಾಲ ಬಿಟ್ಟು. ಬಯಲುಸೀಮೆಗೆ ಪರವಾಗಿಲ್ಲ. ಆದರೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಮಾರ್ಚ್‌ನಲ್ಲಿ ಸರ್ವೆ ಮಾಡಿದರೆ ಜೂನ್‌ನಲ್ಲಿ ವಟಗುಟ್ಟುವ ಕಪ್ಪೆ ಎಲ್ಲಿ ಸಿಗಬೇಕು? ಕುಸಿಯುವ ಗುಡ್ಡವೂ ಆಗ ಒಣಗಿ ಗಟ್ಟಿಯಾಗೇ ಕಾಣುತ್ತದೆ. ದೊಡ್ಡ ಜಲವಿದ್ಯುತ್ ಯೋಜನೆಗಳಿಗೆ ಮಾತ್ರ ಮಳೆಗಾಲವೂ ಸೇರಿ ಮೂರು ಸೀಸನ್ ಕೇಳುತ್ತಾರೆ. ವರದಿಯ ಪ್ರಾಣಿಪಟ್ಟಿ ನೋಡುವ ಮುಂಚೆ ಸರ್ವೆ ತಿಂಗಳು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೊನೆಗೆ ಸಾರ್ವಜನಿಕ ಅಹವಾಲು ಸಭೆ. ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು ಅಥವಾ ಅವರ ಪ್ರತಿನಿಧಿಯದ್ದು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಇಂತಿಷ್ಟು ಜನ ಬರಲೇಬೇಕು ಅಂತಿಲ್ಲ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಸಭೆ ಇಟ್ಟು, ಹತ್ತು ಜನ ಬಂದು ಹೋದರೂ ಕಾನೂನಿನ ಪ್ರಕಾರ ಸಭೆ ಆದಂತೆಯೇ. ಅವತ್ತು ಬರಲಾಗದವರು ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಮಂಡಳಿಗೆ ಕಳಿಸಬಹುದು. ಕನ್ನಡದಲ್ಲೇ ಬರೆದರೆ ಸಾಕು. ಬಂದ ಆಕ್ಷೇಪಗಳಿಗೆ ಏನು ಮಾಡುತ್ತೇವೆ ಅಂತ ಅಂತಿಮ ವರದಿಯಲ್ಲಿ ಯೋಜನೆಯವರು ಉತ್ತರ ಕೊಡಲೇಬೇಕು.