ಈ ಗಂಡು ನೊಣ ನಿನ್ನೆ ಯಾರ ಜೊತೆಗಿತ್ತು?

ಹಣ್ಣುನೊಣಗಳ ಮೇಲೆ ಕೆಲಸ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಒಂಟಿಯಾಗಿತ್ತಾ, ಬೇರೆ ಗಂಡುಗಳ ಜೊತೆಗಿತ್ತಾ? ಉತ್ತರ ಗೊತ್ತಿಲ್ಲದಿದ್ದರೆ ಪ್ರಯೋಗ ಶುರು ಮಾಡುವುದೇ ಬೇಡ ಅನ್ನುತ್ತೇನೆ.

ಎರಡು ಗಾಜಿನ ಕೊಳವೆಗಳಲ್ಲಿ ಒಂದೊಂದು ಜೋಡಿ ಬಿಡಿ. ಗಂಡು ಒಂದು ರೆಕ್ಕೆ ಚಾಚಿ, ಅದುರಿಸಿ, ಹೆಣ್ಣಿನ ಹಿಂದೆಯೇ ಸುತ್ತುತ್ತದೆ. ಆಮೇಲೆ ಬೆನ್ನೇರುತ್ತದೆ. ಸುಮಾರು 20 ನಿಮಿಷದ ಕೂಟ. ಆದರೆ ಹಿಂದಿನ ದಿನ ಬೇರೆ ಗಂಡಿನ ಜೊತೆ ಕಳೆದದ್ದು ಇನ್ನೂ ಕೆಲವು ನಿಮಿಷ ಜಾಸ್ತಿ ಕೂರುತ್ತದೆ. ಈಗ ಕೊಳವೆಯಲ್ಲಿ ಎದುರಾಳಿಯೇ ಇಲ್ಲ, ಗಮನಿಸಿ. ನಿನ್ನೆಯ ಅನುಭವವೇ ಇವತ್ತು ಕೆಲಸ ಮಾಡುತ್ತಿದೆ.

ಹೆಣ್ಣು ಹಲವು ಗಂಡುಗಳನ್ನು ಕೂಡುತ್ತದೆ, ವೀರ್ಯವನ್ನು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಪೈಪೋಟಿ ಕೂಟದೊಂದಿಗೆ ಮುಗಿಯುವುದಿಲ್ಲ, ಹೆಣ್ಣಿನ ಹೊಟ್ಟೆಯೊಳಗೆ ಮುಂದುವರಿಯುತ್ತದೆ. 1970ರಲ್ಲಿ ಜೀವವಿಜ್ಞಾನಿ ಜೆಫ್ರಿ ಪಾರ್ಕರ್ ಸಗಣಿ ನೊಣಗಳನ್ನು ನೋಡಿ ಈ ಮಾತು ಎತ್ತಿದರು. ಅಲ್ಲಿ ಕೊನೆಗೆ ಕೂಡಿದ ಗಂಡಿಗೆ ಸುಮಾರು ಶೇ. 80ರಷ್ಟು ಮೊಟ್ಟೆ ದಕ್ಕುತ್ತವೆ. ಅದಕ್ಕೇ ಹೆಣ್ಣು ಮೊಟ್ಟೆ ಇಡುವವರೆಗೂ ಗಂಡು ಅದರ ಮೇಲೆ ಕಾವಲು ಕೂರುತ್ತದೆ.

ಹಣ್ಣುನೊಣದ ದಾರಿ ಬೇರೆ. ವೀರ್ಯಾಣುಗಳು ಕೂಟದ ಮೊದಲರ್ಧದಲ್ಲೇ ದಾಟಿಬಿಡುತ್ತವೆ. ಮತ್ತೆ ಅಷ್ಟು ಹೊತ್ತು ಯಾಕೆ ಕೂರಬೇಕು, ಅಲ್ವಾ? ವೀರ್ಯದ ದ್ರವದಲ್ಲಿ ಕೆಲವು ಪ್ರೋಟೀನ್‌ಗಳಿವೆ. ಒಂದು ಪ್ರೋಟೀನ್ ಹೆಣ್ಣಿಗೆ ಮತ್ತೆ ಕೂಡುವ ಆಸಕ್ತಿ ಕುಗ್ಗಿಸುತ್ತದೆ, ಇನ್ನೊಂದು ಪ್ರೋಟೀನ್ ಮೊಟ್ಟೆ ಬೇಗ ಇಡಿಸುತ್ತದೆ. ಎದುರಾಳಿಯ ಸುಳಿವಿದ್ದರೆ ಗಂಡು ಇವನ್ನೂ ಜಾಸ್ತಿ ಕೊಡುತ್ತದೆ.

ನನಗೆ ಅತಿ ಇಷ್ಟವಾದ ಸಂಗತಿ, ಆ ಸುಳಿವು ಸಿಗುವ ಬಗೆ. ಸದ್ದು, ವಾಸನೆ, ಸ್ಪರ್ಶ ಈ ಮೂರರಲ್ಲಿ ಯಾವುದಾದರೂ ಎರಡು ಸಿಕ್ಕರೆ ಸಾಕು, ಗಂಡು ಸಿದ್ಧವಾಗುತ್ತದೆ. ಬರೀ ಒಂದನ್ನು ನಂಬುವುದಿಲ್ಲ. ಕತ್ತಲಾದರೂ ಚಿಂತೆಯಿಲ್ಲ, ಕಣ್ಣು ಬೇಕೇ ಬೇಕೆಂದಿಲ್ಲ.

ಇಷ್ಟು ಹುಷಾರು ಯಾಕೆ ಅಂದರೆ, ವೀರ್ಯ ಬಿಟ್ಟಿ ಬರುವುದಿಲ್ಲ. ಬದುಕಿಡೀ ಎದುರಾಳಿಗಳ ಜೊತೆಗೇ ಇಟ್ಟ ಗಂಡುಗಳು ವಯಸ್ಸಾದಂತೆ ಕೂಡುವ ಕಸುವು ಬೇಗ ಕಳೆದುಕೊಳ್ಳುತ್ತವೆ, ಬೇಗ ಸಾಯುತ್ತವೆ ಕೂಡ.

ಅದಕ್ಕೇ ನಮ್ಮಲ್ಲಿ ಪ್ರತಿ ಕೊಳವೆಯ ಚೀಟಿಯ ಮೇಲೆ ಹುಟ್ಟಿದ ದಿನದ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: ಜೊತೆಗಿದ್ದ ಗಂಡುಗಳೆಷ್ಟು.